ನಾಟಕ ನೋಡಿ ಬಂದ ಮೇಲೆ ಮನಸ್ಸು ಯಾಕೆ ಬಣಗುಡುತ್ತದೆ?

ಪ್ರಶ್ನೆ: ನನಗೀಗ 46 ವರ್ಷ. ದಾವಣಗೆರೆಯ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಡುಗೆ, ಅಂಗಡಿ, ಮತ್ತೆ ಅಡುಗೆ. ಕಷ್ಟ ಅಂತೇನಿಲ್ಲ ಮೇಷ್ಟ್ರೇ, ಆದರೆ ಎಲ್ಲಾ ದಿನ ಒಂದೇ ಥರ. ಹೋದ ನವೆಂಬರಿನಲ್ಲಿ ಗೆಳತಿಯರ ಜೊತೆ ಸಾಣೇಹಳ್ಳಿಗೆ ಹೋಗಿ ನಾಟಕ ನೋಡಿದೆ. ತುಂಬಾ ಖುಷಿಯಾಯಿತು. ಸೋಮವಾರ ಅಂಗಡಿಗೆ ಬಂದು ಕೂತಾಗ ಮಾತ್ರ ಮೊದಲಿಗಿಂತ ಜಾಸ್ತಿ ಖಾಲಿ ಅನ್ನಿಸಿತು. ಕವಿತೆ ಓದೋಣ ಅಂದರೆ ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ನಮ್ಮಂಥವರ ಬದುಕಿಗೆ ಕವಿತೆ, ನಾಟಕದಿಂದ ನಿಜಕ್ಕೂ ಏನಾದರೂ ಸಿಗುತ್ತದಾ, ಇಲ್ಲಾ ಎರಡು ಗಂಟೆ ಮೈಮರೆಯುವುದಷ್ಟೇನಾ? ನಾಟಕದಲ್ಲಿ ಪಾತ್ರ ಮಾಡುವ ಆಸೆಯೂ ಇದೆ. ಈ ವಯಸ್ಸಿಗೆ ಆಗುತ್ತದಾ?

ಉತ್ತರ: ಸಿಗುತ್ತದೆ ತಂಗಿ. ಚಿತ್ರದುರ್ಗದಲ್ಲಿ ಕನ್ನಡ ಪಾಠ ಹೇಳುತ್ತಾ, ಸುತ್ತಲಿನ ಊರುಗಳಲ್ಲಿ ನಾಟಕ ಕಲಿಸುತ್ತಾ ತಲೆ ಬೆಳ್ಳಗಾದವನು ನಾನು. ಏನೂ ಸಿಗದೇ ಇದ್ದಿದ್ದರೆ ಇಷ್ಟು ವರ್ಷ ಆ ಕೆಲಸಕ್ಕೆ ಅಂಟಿಕೊಂಡು ಇರುತ್ತಿರಲಿಲ್ಲ. ಆದರೆ ಏನು ಸಿಗುತ್ತದೆ, ಹೇಗೆ ಸಿಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಸೋಮವಾರದಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಾಲೇ.

ಒಳ್ಳೆಯ ನಾಟಕ ನೋಡಿ ಬಂದ ಮರುದಿನ ಮನಸ್ಸು ಬಣಗುಡುವುದು ಬಹಳ ಜನರಿಗೆ ಆಗುತ್ತದೆ. ಅದರ ಕಾರಣ ರಂಗದ ಮೇಲೇ ಇದೆ. ಸಾಣೇಹಳ್ಳಿಯ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ನೀವು ಕೂತಿದ್ದೀರಿ ಅಂದುಕೊಳ್ಳಿ. ನಟಿಯೊಬ್ಬಳು ನೀರಿನ ತಂಬಿಗೆ ತಂದು ನೆಲದ ಮೇಲೆ ಇಡುತ್ತಾಳೆ. ಅಷ್ಟೂ ಜನರ ಕಣ್ಣು ಆ ತಂಬಿಗೆಯ ಮೇಲೆ. ಯಾರಿಗೆ ತಂದಳು? ಅವನು ಕುಡಿಯುತ್ತಾನಾ? ಮುಟ್ಟದೆ ಎದ್ದು ಹೋದರೆ? ರಂಗದ ಮೇಲೆ ಯಾವ ಸಾಮಾನೂ ಸುಮ್ನೆ ಬಂದಿರುವುದಿಲ್ಲ. ಯಾರೋ ಯೋಚನೆ ಮಾಡಿ ತಂದಿಟ್ಟಿರುತ್ತಾರೆ. ಅದಕ್ಕೇ ನಾವೂ ಅದನ್ನು ಮೈಯೆಲ್ಲ ಕಣ್ಣಾಗಿ ನೋಡುತ್ತೇವೆ. ಅಂಥದೇ ತಂಬಿಗೆ ನಿಮ್ಮ ಅಡುಗೆಮನೆಯಲ್ಲೂ ಇದೆ. ದಿನಕ್ಕೆ ಹತ್ತು ಸಲ ಎತ್ತುತ್ತೀರಿ, ಇಡುತ್ತೀರಿ. ಯಾರೂ ನೋಡುವುದಿಲ್ಲ, ನೀವೂ ನೋಡುವುದಿಲ್ಲ. ಎರಡು ಗಂಟೆ ಹೊತ್ತು ಒಂದೊಂದು ಕೈಸನ್ನೆಯನ್ನೂ ಗಮನ ಇಟ್ಟು ನೋಡಿದ ಕಣ್ಣಿಗೆ ಸೋಮವಾರದ ಅಂಗಡಿ ಬರಿದಾಗಿ ಕಾಣದೆ ಇನ್ನು ಹೇಗೆ ಕಾಣಬೇಕು?

ಹಾಗಾಗಿ ಆ ಖಾಲಿತನವನ್ನು ನೀವು ಕೆಟ್ಟದ್ದು ಅಂದುಕೊಳ್ಳಬೇಡಿ. ನಾಟಕ ನಿಮ್ಮ ಮೇಲೆ ಮಾಡಿದ ಮೊದಲ ಕೆಲಸ ಅದು. ಅಲ್ಲಿಗೇ ಬಿಟ್ಟರೆ ಬೇಸರ ಉಳಿಯುತ್ತದೆ. ಅದೇ ಕಣ್ಣನ್ನು ಮನೆಗೂ ಅಂಗಡಿಗೂ ತಂದರೆ ಎರಡನೆಯ ಕೆಲಸ ಶುರುವಾಗುತ್ತದೆ. ಕವಿತೆ ಮಾಡುವುದೂ ಇದನ್ನೇ. ಬದುಕಿಗೆ ಹೊರಗಿನಿಂದ ಅರ್ಥ ತಂದು ಕೊಡುವ ಶಕ್ತಿ ಅದಕ್ಕಿದೆ ಅಂತ ನಾನು ನಂಬುವುದಿಲ್ಲ. ನಾವು ನೋಡದೆ ದಾಟಿ ಹೋಗುವುದನ್ನು ಅದು ನಿಲ್ಲಿಸಿ ತೋರಿಸುತ್ತದೆ.

ಮೈಮರೆಯುವುದನ್ನೂ ನಾನು ಹಗುರ ಮಾಡಲಾರೆ. ನಿಮ್ಮ ದಾವಣಗೆರೆ ಕಂಪನಿ ನಾಟಕಗಳ ಊರು. ಚಿಂದೋಡಿ ಲೀಲಾ ಅವರಂಥ ದೊಡ್ಡ ಕಲಾವಿದೆಯನ್ನು ಕೊಟ್ಟ ಊರು. 1988ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದಿನವೆಲ್ಲ ಮೈಮುರಿದು ದುಡಿದವರು ರಾತ್ರಿ ಕಂಪನಿ ಟೆಂಟಿನಲ್ಲಿ ಕೂತು ಹಾಸ್ಯಕ್ಕೆ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಹಾಡಿಗೆ ‘ಒನ್ಸ್ ಮೋರ್’ ಅಂದರು. ಆ ನಗುವಿಗೂ ಬೆಲೆ ಇದೆ. ದಣಿದ ಮೈಗೆ ನಿದ್ದೆ ಬೇಕಾದ ಹಾಗೆ ದಣಿದ ಮನಸ್ಸಿಗೆ ಮರೆವೂ ಬೇಕು. ಆದರೆ ನೀವು ಕೇಳಿದ್ದು ಅದಕ್ಕಿಂತ ಮುಂದಿನದು. ಅದಕ್ಕೆ ಉತ್ತರ ಹೇಳಲು ನಾನು ಹನ್ನೆರಡನೆಯ ಶತಮಾನಕ್ಕೆ ಹೋಗಬೇಕು.

ಬಸವಣ್ಣನವರ ಕಾಲದಲ್ಲಿ ಕದಿರ ರೆಮ್ಮವ್ವೆ ಅಂತ ಒಬ್ಬ ಶರಣೆ ಇದ್ದರು. ಕೆಲಸ, ರಾಟೆ ತಿರುಗಿಸಿ ನೂಲು ತೆಗೆಯುವುದು. ಹತ್ತಿ ಗಿರಣಿಗಳಿಂದ ಹೆಸರಾಗಿ, ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನವರು ನೀವು. ನೂಲಿನ ಕೆಲಸ ಅಂದರೇನು ಅಂತ ನಿಮಗೆ ಹೇಳಬೇಕಿಲ್ಲ. ಇಡೀ ದಿನ ಅದೇ ಚಕ್ರ, ಅದೇ ಎಳೆ. ನಿಮ್ಮ ‘ಎಲ್ಲಾ ದಿನ ಒಂದೇ ಥರ’ ಅನ್ನುವ ಮಾತನ್ನು ಆಕೆ ನಿಮಗಿಂತ ಜೋರಾಗಿ ಹೇಳಬಹುದಿತ್ತು. ಆಕೆ ಮಾಡಿದ್ದೇನು ನೋಡಿ. ಒಂದು ವಚನವನ್ನು, ತಾನು ತಿರುಗಿಸುವ ರಾಟೆಯ ಕುಲಜಾತಿ ಕೇಳಿರಣ್ಣಾ ಅಂತ ಶುರು ಮಾಡುತ್ತಾರೆ. ಕೆಳಗಿನ ಹಲಗೆ ಬ್ರಹ್ಮ, ತೋರಣ ವಿಷ್ಣು, ನಿಂತ ಬೊಂಬೆ ರುದ್ರ. ನೂಲು ಸುತ್ತಿಕೊಳ್ಳುವ ಕಡ್ಡಿ, ಕದಿರು, ಅಂದರೆ ಅರಿವು, ತಿರುಗಿಸುವ ಕೈ ಅಂದರೆ ಭಕ್ತಿ. ನೂಲು ಸುತ್ತಿತು, ಕದಿರು ತುಂಬಿತು. ರಾಟೆಯ ಒಂದೊಂದು ಭಾಗವನ್ನೂ ಮುಟ್ಟಿ ಮುಟ್ಟಿ ಹೆಸರು ಹೇಳುತ್ತಾರೆ. ದಿನಾ ಕೈಯಲ್ಲಿ ಹಿಡಿದವರಿಗೆ ಮಾತ್ರ ಬರುವ ಕ್ರಮ ಅದು. ದೂರದಿಂದ ನೋಡಿದ ಪಂಡಿತರಿಗೆ ರಾಟೆ ಅಂದರೆ ಒಂದು ಚಕ್ರ, ಅಷ್ಟೇ.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಒಂದು ಒಳ್ಳೆಯ ಹೋಲಿಕೆ ಅಂತ ಹೇಳಿ ಮುಂದೆ ಹೋಗುತ್ತಿದ್ದೆ. ಆದರೆ ಕೊನೆಗೆ ಆಕೆ ಹೇಳುವ ಮಾತು ಬೇರೆಯೇ. ಇನ್ನು ರಾಟೆ ತಿರುಗಿಸಲಾರೆ, ನನ್ನ ಗಂಡ ಹೊಡೆಯುತ್ತಾನೆ, ಏನು ಮಾಡಲಿ ಗುಮ್ಮೇಶ್ವರಾ ಅಂತ ತಮ್ಮ ದೇವರನ್ನು ಕೇಳುತ್ತಾರೆ. ಆ ಗಂಡ ದೇವರೇ ಅಂತ ಅರ್ಥ ಬಿಡಿಸುವವರಿದ್ದಾರೆ. ಇರಲಿ. ಓದುವಾಗ ನನಗೆ ಮೊದಲು ಕೇಳಿಸುವುದು ಕೈ ಸೋತ ಹೆಂಗಸಿನ ದನಿ. ಬ್ರಹ್ಮ, ವಿಷ್ಣು, ರುದ್ರರನ್ನು ರಾಟೆಗೆ ಇಳಿಸಿದವರು ಮನೆಯ ಹೊಡೆತವನ್ನು ಮುಚ್ಚಿಡಲಿಲ್ಲ. ಬದುಕಿಗೆ ಬಣ್ಣ ಬಳಿಯಲಿಲ್ಲ. ಕೆಲಸದ ದೊಡ್ಡತನ, ಕೆಲಸದ ನೋವು, ಎರಡೂ ಒಂದೇ ವಚನದಲ್ಲಿ ಅಕ್ಕಪಕ್ಕ ಕೂತಿವೆ. ಎಂಟುನೂರು ವರ್ಷಗಳಾದರೂ ಈ ಮಾತು ನಮ್ಮನ್ನು ತಟ್ಟುವುದು ಅದಕ್ಕೇ.

ಇದನ್ನು ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, ಸಾಹಿತ್ಯ ಓದಿದರೆ ಬದುಕು ಸುಂದರವಾಗಿ ಕಾಣುತ್ತದೆ ಅಂತ ಹೇಳುವವರು ತುಂಬಾ ಜನ ಸಿಗುತ್ತಾರೆ. ಆ ಮಾತು ಅರ್ಧ ಸುಳ್ಳು. ಕಣ್ಣು ತೆರೆದು ನೋಡಿದರೆ ಚೆಂದವೂ ಕಾಣುತ್ತದೆ, ಅನ್ಯಾಯವೂ ಕಾಣುತ್ತದೆ. ಕೆಲವೊಮ್ಮೆ ಸಿಟ್ಟು ಬರುತ್ತದೆ. ಅದಕ್ಕೂ ತಯಾರಿರಬೇಕು.

ಈಗ ಕವಿತೆ ಅರ್ಥವಾಗುವುದಿಲ್ಲ ಅಂದಿರಲ್ಲ, ಅದಕ್ಕೆ ಬರುತ್ತೇನೆ. ಇದರಲ್ಲಿ ತಪ್ಪು ನಿಮ್ಮದಲ್ಲ. ಶಾಲೆಯಲ್ಲಿ ನಮಗೆಲ್ಲ ಕವಿತೆ ಸಿಕ್ಕಿದ್ದು ‘ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ’ ಅನ್ನುವ ಪ್ರಶ್ನೆಯ ಕೆಳಗೆ. ಮೂರು ಅಂಕ. ಕವಿತೆಯ ಒಳಗೆ ಒಂದು ಉತ್ತರ ಬಚ್ಚಿಟ್ಟಿದೆ, ಅದನ್ನು ಹುಡುಕಿ ತೆಗೆಯದಿದ್ದರೆ ನಾವು ಫೇಲು ಅನ್ನುವ ಭಯ ಅಲ್ಲಿಂದಲೇ ಕೂತಿದೆ. ಆ ಭಯ ಬಿಡಬೇಕಾದರೆ ಒಂದೇ ದಾರಿ. ಬಾಯಿಬಿಟ್ಟು ಓದಿ. ಕಣ್ಣಲ್ಲೇ ಓದಿದರೆ ಕವಿತೆ ಅರ್ಧ ಸತ್ತ ಹಾಗೆ. ಎಲ್ಲಿ ಉಸಿರು ನಿಲ್ಲುತ್ತದೆ, ಎಲ್ಲಿ ನಾಲಿಗೆ ತೊಡರುತ್ತದೆ, ಯಾವ ಸಾಲು ಮತ್ತೊಮ್ಮೆ ಹೇಳಬೇಕು ಅನ್ನಿಸುತ್ತದೆ, ಇಷ್ಟು ಗಮನಿಸಿದರೆ ಸಾಕು. ಅರ್ಥ ತಾನಾಗಿ ಹಿಂದಿನಿಂದ ಬರುತ್ತದೆ. ಕೆಲವು ಸಲ ಎರಡು ವರ್ಷ ಬಿಟ್ಟು ಬರುತ್ತದೆ, ಅದೂ ಅನ್ನ ಬಸಿಯುವಾಗ.

ನಮ್ಮ ಸೀಮೆಯಲ್ಲಿ ಇದನ್ನು ಕಲಿಸಲು ಕಾಲೇಜು ಬೇಕಿರಲಿಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ಬಾಯಲ್ಲಿ ಸಾವಿರಾರು ಹಾಡುಗಳಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಪದವಿ ಕೊಟ್ಟಿತು. ಅಂಥವರ ಹಾಡು ಹುಟ್ಟಿದ್ದು ಬೀಸುವಾಗ, ಕುಟ್ಟುವಾಗ, ಹೊಲದಲ್ಲಿ ಬಗ್ಗಿ ಕಳೆ ತೆಗೆಯುವಾಗ. ತ್ರಿಪದಿಯನ್ನು ಬೀಸುವ ಕಲ್ಲಿನ ಮುಂದೆ ಕೂತು ಹಾಡಿದವರಿಗೆ ಅದರ ಗುಟ್ಟು ಗೊತ್ತು. ಮೂರೇ ಸಾಲು. ಎರಡನೆಯ ಸಾಲು ಹಾಡುವಾಗ ಅದರ ತುಂಡನ್ನು ಮತ್ತೆ ಎತ್ತಿಕೊಳ್ಳುತ್ತಾರೆ, ಆಮೇಲೆ ಮೂರನೆಯದಕ್ಕೆ ಹೋಗುತ್ತಾರೆ. ಆ ತಿರುಗಿ ಬರುವ ಲಯ ಕಲ್ಲಿನ ಸುತ್ತಿಗೆ ಹೊಂದುತ್ತದೆ. ಕೈಗೆ ಕೆಲಸ, ಬಾಯಿಗೆ ಪದ, ತವರಿನ ನೆನಪು, ಎಲ್ಲಾ ಒಟ್ಟಿಗೆ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನ ಇದೆ, ಅದರಲ್ಲೂ ಇರುವುದು ತ್ರಿಪದಿಯೇ. ಅಷ್ಟು ಹಳೆಯ ಛಂದಸ್ಸನ್ನು ಇಷ್ಟು ಕಾಲ ಉಳಿಸಿಕೊಂಡು ಬಂದವರು ಹಿಟ್ಟು ಬೀಸುತ್ತಿದ್ದ ಹೆಂಗಸರು. ಹಿಟ್ಟಿನ ಗಿರಣಿ ಬಂತು, ಕೈನೋವು ತಪ್ಪಿತು. ಅದು ಒಳ್ಳೆಯದೇ ಆಯಿತು. ಕಲ್ಲಿನ ಜೊತೆ ಹಾಡೂ ಮೂಲೆ ಸೇರಿತು, ಅದಕ್ಕೆ ಮಾತ್ರ ನನಗೆ ಸಂಕಟ.

ಹಾಗಾಗಿ ಒಂದು ಕವಿತೆ ಬಾಯಿಪಾಠ ಮಾಡಿಕೊಳ್ಳಿ. ಒಂದೇ ಸಾಕು. ‘ಮೈಸೂರು ಮಲ್ಲಿಗೆ’ಯಿಂದ ಶುರು ಮಾಡಬಹುದು. 1942ರಲ್ಲಿ ಬಂದ ಪುಸ್ತಕ. ಅದರಲ್ಲಿ ಇರುವುದೆಲ್ಲ ಗಂಡ, ಹೆಂಡತಿ, ತವರುಮನೆ, ಬಳೆಗಾರ. ಅದನ್ನು ಬರೆದ ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರಾಗಿ ದುಡಿದವರು. ಕಡತ, ಲೆಕ್ಕದ ನಡುವೆ ಬದುಕಿದ ಮನುಷ್ಯ ಮನೆಯ ಒಳಗಿನ ಪ್ರೀತಿಯನ್ನು ಅಷ್ಟು ಹತ್ತಿರದಿಂದ ಕಂಡರು. ನಿಮಗೆ ಈ ಪುಸ್ತಕ ದೂರದ್ದು ಅನ್ನಿಸಲಾರದು.

ಓದುವುದರ ಜೊತೆಗೆ ಇನ್ನೊಂದು ಕೆಲಸ ಹೇಳುತ್ತೇನೆ. ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು ದಿನಕ್ಕೆ ಒಂದು ಸಾಲು ಬರೆಯಿರಿ. ಅಂಗಡಿಯಲ್ಲಿ ಕಂಡದ್ದು. ‘ಸುಂದರ’, ‘ದುಃಖ’, ‘ಪಾಪ’ ಅನ್ನುವ ಪದ ಬೇಡ. ಕಂಡದ್ದನ್ನು ಕಂಡ ಹಾಗೆ. ಮೆಕ್ಕೆಜೋಳದ ಚೀಲ ಹೊಲಿಯುವ ಹಮಾಲ ದಬ್ಬಣವನ್ನು ತಲೆಗೂದಲಿಗೆ ಉಜ್ಜಿಕೊಂಡು ಮತ್ತೆ ಚುಚ್ಚುತ್ತಾನೆ. ಎಣ್ಣೆ ಹಿಡಿದರೆ ದಬ್ಬಣ ಸಲೀಸಾಗಿ ಇಳಿಯುತ್ತದೆ ಅಂತ. ಅದನ್ನು ಬರೆಯಿರಿ. ನೀವು ಬರೆದುಕೊಟ್ಟ ಪಟ್ಟಿಯನ್ನು ಒಬ್ಬ ರೈತ ಮೊತ್ತ ನೋಡದೆ ಮಡಚಿ ಜೇಬಿಗೆ ಇಟ್ಟುಕೊಳ್ಳುತ್ತಾನೆ. ಅದನ್ನೂ ಬರೆಯಿರಿ. ಯಾಕೆ ನೋಡಲಿಲ್ಲ? ನಿಮ್ಮ ಮೇಲಿನ ನಂಬಿಕೆಯಾ, ನೋಡಿದರೆ ಏನು ಪ್ರಯೋಜನ ಅಂತಲಾ, ಓದಲು ಬರುವುದಿಲ್ಲವಾ? ಇಂಥ ಪ್ರಶ್ನೆ ರಾತ್ರಿ ಪಾತ್ರೆ ತೊಳೆಯುವಾಗ ನಿಮ್ಮ ಬೆನ್ನು ಹತ್ತಿದರೆ ನೀವು ಕವಿತೆಯ ಒಳಗೆ ಕಾಲಿಟ್ಟಿದ್ದೀರಿ ಅಂತಲೇ ಲೆಕ್ಕ. ಬರೆದದ್ದನ್ನು ಯಾರಿಗೂ ತೋರಿಸಬೇಕಿಲ್ಲ.

ನಡುವೆ ಒಂದು ಮುಖ್ಯವಾದ ಮಾತು. ನಿಮ್ಮ ಪತ್ರದಲ್ಲಿ ನನಗೆ ಅಂಥದ್ದೇನೂ ಕಾಣಲಿಲ್ಲ, ಆದರೂ ಹೇಳಿಬಿಡುತ್ತೇನೆ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಇಲ್ಲವೇ ಒಂದು ದಿನವಾದರೂ ಬದುಕೇ ಬೇಡ ಅನ್ನಿಸಿದರೆ ಅದಕ್ಕೆ ಕವಿತೆ ಮದ್ದಲ್ಲ. ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಇನ್ನು ನಾಟಕ. ನೋಡುವುದಕ್ಕೂ ಮಾಡುವುದಕ್ಕೂ ಅಜಗಜಾಂತರ. ಒಂದು ಊರಿನ ಮಹಿಳಾ ಸಂಘದವರಿಗೆ ನಾಟಕ ಕಲಿಸುತ್ತಿದ್ದೆ. ತಾಲೀಮು ಶಾಲೆಯ ಕೋಣೆಯಲ್ಲಿ. ಸೊಸೆಯ ಪಾತ್ರದವರು ಮಾವನಿಗೆ ಟೀ ತಂದು ಕೊಡಬೇಕು. ಮಾತಿಲ್ಲ, ಕೊಟ್ಟು ಹೋಗುವುದಷ್ಟೇ. ಆಕೆ ಬಂದರು, ಕಪ್ ಇಟ್ಟರು, ಹೋದರು. ಮೂವತ್ತು ವರ್ಷ ಮಾಡಿದ ಕೆಲಸ, ಕೈ ತಾನಾಗಿ ಮಾಡಿತು. ನಾನು ಕೇಳಿದೆ, “ಅಮ್ಮಾ, ಮಾವ ಬೇಗ ಎದ್ದು ಹೋಗಲಿ ಅಂತ ಕೊಡ್ತಿದ್ದೀರೋ, ಇನ್ನೊಂಚೂರು ಹೊತ್ತು ಕೂತಿರಲಿ ಅಂತಲೋ?” ಆಕೆ ನಿಂತುಬಿಟ್ಟರು. “ಎರಡೂ ಮಾಡಿ ತೋರಿಸಿ” ಅಂದೆ. ಮೊದಲ ಸಲ ಕಪ್ಪನ್ನು ಮಾವನ ಕೈಗೆ ಎಟುಕದಷ್ಟು ದೂರ ಇಟ್ಟರು. ಅವನು ಬಗ್ಗಿ ತೆಗೆದುಕೊಳ್ಳಬೇಕು. ಎರಡನೆಯ ಸಲ ಕಪ್ಪಿನ ಹಿಡಿಯನ್ನು ಅವನ ಬಲಗೈ ಕಡೆಗೆ ತಿರುಗಿಸಿ ಇಟ್ಟರು, ಬೆರಳು ಒಂದು ಗಳಿಗೆ ಕಪ್ಪಿನ ಮೇಲೇ ಇತ್ತು. ಕೂತವರಿಗೆಲ್ಲ ವ್ಯತ್ಯಾಸ ಕಂಡಿತು. ಆಮೇಲೆ ಆಕೆ ಹೇಳಿದರು, “ಸಾರ್, ಮನೇಲಿ ನಾನು ಯಾವಾಗಲೂ ಮೊದಲನೇ ಥರಾನೇ ಇಡೋದು. ಇಷ್ಟು ಸಿಟ್ಟು ಇದೆ ಅಂತ ನನಗೇ ಗೊತ್ತಿರ್ಲಿಲ್ಲ.” ಉಳಿದವರು ನಕ್ಕರು, ಆಕೆಯೂ ನಕ್ಕರು. ಅವತ್ತು ಟೀ ಬಿಟ್ಟು ಬೇರೆ ಮಾತೇ ಇಲ್ಲ. ಯಾರು ಯಾರಿಗೆ ಹೇಗೆ ಅನ್ನ ಬಡಿಸುತ್ತಾರೆ, ಬಾಗಿಲು ಹೇಗೆ ಹಾಕುತ್ತಾರೆ, ಅದರಲ್ಲೇ ತಾಲೀಮು ಮುಗಿಯಿತು.

ಪಾತ್ರ ಮಾಡುವುದರಿಂದ ಸಿಗುವುದು ಇದು. ದಿನದ ಒಂದು ಸಣ್ಣ ಕೆಲಸದ ಒಳಗೆ ನಮ್ಮ ಆಸೆ, ಸಿಟ್ಟು, ಅಭಿಮಾನ ಎಷ್ಟು ತುಂಬಿದೆ ಅಂತ ಕೈಗೇ ತಿಳಿಯುತ್ತದೆ. ಓದಿ ತಿಳಿಯುವುದಕ್ಕಿಂತ ಅದು ಗಟ್ಟಿ.

ನಮ್ಮ ಹಳ್ಳಿಯ ಗಂಡಸರಿಗೆ ಇದರ ರುಚಿ ಹಿಂದಿನಿಂದ ಗೊತ್ತು. ಜಾತ್ರೆಗೆ ಪೌರಾಣಿಕ ನಾಟಕ ಇಟ್ಟುಕೊಂಡರೆ ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಾರೆ. ಕೃಷ್ಣ, ದುರ್ಯೋಧನನಿಗೆ ಜಾಸ್ತಿ, ದೂತನಿಗೆ ಕಮ್ಮಿ. ಪೇಟಿ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಶೇಂಗಾ ಕೈಕೊಟ್ಟ ವರ್ಷವೂ ಸಾಲ ಮಾಡಿ ಗದೆ ಹಿಡಿದವರನ್ನು ನಾನು ಕಂಡಿದ್ದೇನೆ. ಹುಚ್ಚು ಅನ್ನುವವರು ಅನ್ನಲಿ. ಒಂದು ರಾತ್ರಿ ಇಡೀ ಊರು ಅವನ ಮಾತಿಗೆ ಕಿವಿಗೊಡುತ್ತದೆ. ಆಮೇಲೆ ವರ್ಷಗಟ್ಟಲೆ ಟೀ ಅಂಗಡಿಯಲ್ಲಿ ಅವನು ‘ದುರ್ಯೋಧನ’. ನ್ಯಾಯ ಹೇಳುವ ಕಟ್ಟೆಯ ಮೇಲೆ ಕೂತಾಗ ಆ ನಾಟಕದ ಮಾತೇ ಅವನ ಬಾಯಿಗೆ ಬರುತ್ತದೆ.

ಅದೇ ರಂಗದ ಮೇಲೆ ಊರಿನ ಹೆಂಗಸರು ಇರುವುದಿಲ್ಲ. ದ್ರೌಪದಿ, ಕುಂತಿ ಮಾಡಲು ಹೊರಗಿನಿಂದ ಕಲಾವಿದೆಯರನ್ನು ಸಂಬಳ ಕೊಟ್ಟು ಕರೆಸುತ್ತಾರೆ. ಅವರು ಒಂದು ಊರಿನಲ್ಲಿ ಬೆಳಗಿನವರೆಗೆ ಕುಣಿದು, ಬಸ್ಸಿನಲ್ಲೇ ನಿದ್ದೆ ಮಾಡಿ, ಸಂಜೆ ಇನ್ನೊಂದು ಊರಿನಲ್ಲಿ ಬಣ್ಣ ಹಚ್ಚುತ್ತಾರೆ. ಗೊತ್ತಿಲ್ಲದ ಗಂಡಸರ ಜೊತೆ, ತಾಲೀಮಿಲ್ಲದೆ, ಒಂದು ಕಂದಪದ್ಯವೂ ತಪ್ಪದ ಹಾಗೆ ಹಾಡುತ್ತಾರೆ. ಅಂಥವರ ಬೆನ್ನ ಹಿಂದೆ ಊರು ಆಡುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನಿಮಗೆ ಪಾತ್ರ ಮಾಡುವ ಆಸೆ ಇದ್ದೂ ‘ಈ ವಯಸ್ಸಿಗೆ’ ಅನ್ನುವ ಅಳುಕು ಬಂದಿದೆಯಲ್ಲ, ಅದರಲ್ಲಿ ವಯಸ್ಸಿನ ಪಾಲು ಕಮ್ಮಿ, ಈ ಮಾತುಗಳ ಪಾಲು ಜಾಸ್ತಿ. ವಯಸ್ಸು ಅಡ್ಡಿಯೇ ಅಲ್ಲ. ಇಪ್ಪತ್ತರ ಹುಡುಗಿಗೆ ಟೀ ಕಪ್ಪಿನ ಸಿಟ್ಟು ಎಲ್ಲಿಂದ ಬರಬೇಕು?

ಎಲ್ಲಿ ಶುರು ಮಾಡುವುದು? ರಂಗಮಂಚದ ಯೋಚನೆ ಈಗಲೇ ಬೇಡ. ಮನೆಯ ಪಡಸಾಲೆ ಸಾಕು. ಸಾಣೇಹಳ್ಳಿಗೆ ಬಂದಿದ್ದ ಆ ಗೆಳತಿಯರನ್ನೇ ಒಂದು ಭಾನುವಾರ ಮಧ್ಯಾಹ್ನ ಕರೆಯಿರಿ. ಮಂಡಕ್ಕಿ, ಮೆಣಸಿನಕಾಯಿ ಇರಲಿ. ಜಿಲ್ಲಾ ಗ್ರಂಥಾಲಯದಿಂದ ಏಕಾಂಕ ನಾಟಕಗಳ ಪುಸ್ತಕ ತನ್ನಿ. ಅರ್ಧ, ಮುಕ್ಕಾಲು ಗಂಟೆಯಲ್ಲಿ ಓದಿ ಮುಗಿಯುವಂಥದು. ಪಾತ್ರ ಹಂಚಿಕೊಂಡು ಜೋರಾಗಿ ಓದಿ. ರಂಗಸೂಚನೆಯನ್ನೂ ಒಬ್ಬರು ಓದಲಿ. ಮುಗಿದ ಮೇಲೆ ಇದರ ಸಂದೇಶ ಏನು ಅಂತ ಚರ್ಚೆಗೆ ಕೂರಬೇಡಿ. ಯಾವ ಮಾತು ಹೇಳುವಾಗ ಕಷ್ಟವಾಯಿತು ಅಂತ ಒಬ್ಬೊಬ್ಬರೂ ಹೇಳಲಿ. ಆಮೇಲೆ ಪಾತ್ರ ಬದಲಾಯಿಸಿ ಇನ್ನೊಮ್ಮೆ ಓದಿ. ಅತ್ತೆಯಾಗಿದ್ದವರು ಸೊಸೆಯಾಗಲಿ. ನಾಲ್ಕು ಜನ ಸೇರದಿದ್ದರೆ ಇಬ್ಬರೇ ಓದಿ. ಮಗಳಿದ್ದರೆ ಅವಳನ್ನೂ ಎಳೆದುಕೊಳ್ಳಿ, ಮೊಬೈಲು ಬದಿಗಿಟ್ಟು ಬರಲಿ.

ನೋಡುವುದನ್ನೂ ಬಿಡಬೇಡಿ. 1997ರಲ್ಲಿ ಶುರುವಾದ ಸಾಣೇಹಳ್ಳಿಯ ಶಿವಸಂಚಾರ ತಂಡ ಪ್ರತಿ ವರ್ಷ ಮೂರು ನಾಟಕ ಕಟ್ಟಿಕೊಂಡು ನಾಡೆಲ್ಲ ಸುತ್ತುತ್ತದೆ. ನಿಮ್ಮೂರಿನಲ್ಲೇ ಈಗ ಕಂಪನಿ ನಾಟಕಗಳಿಗೆಂದೇ ಸರ್ಕಾರ ಮಾಡಿದ ವೃತ್ತಿ ರಂಗಭೂಮಿ ರಂಗಾಯಣ ಇದೆ. ಸಾಧ್ಯವಾದರೆ ಒಂದೇ ನಾಟಕವನ್ನು ಎರಡು ಸಲ ನೋಡಿ. ಮೊದಲ ಸಲ ಕಥೆ ನೋಡುತ್ತೇವೆ. ಎರಡನೆಯ ಸಲ ಮಾತಿಲ್ಲದೆ ಹಿಂದೆ ನಿಂತ ನಟರು ಏನು ಮಾಡುತ್ತಿದ್ದಾರೆ ಅನ್ನುವುದು ಕಣ್ಣಿಗೆ ಬೀಳುತ್ತದೆ. ಕಲಿಯುವವರಿಗೆ ಅಲ್ಲಿ ಸಿಗುವಷ್ಟು ಬೇರೆ ಎಲ್ಲೂ ಸಿಗುವುದಿಲ್ಲ.

ಒಂದು ಕಿವಿಮಾತು ಹೇಳಿಬಿಡುತ್ತೇನೆ. ನಿಮ್ಮ ವಯಸ್ಸಿನ ಹೆಂಗಸು ಪಾತ್ರ ಕೇಳಿದರೆ ಎಲ್ಲರೂ ತಾಯಿ ಪಾತ್ರವನ್ನೇ ಕೊಡುತ್ತಾರೆ. ಮೊದಲ ಸಲವೇ ಅದನ್ನು ಒಪ್ಪಬೇಡಿ. ತಾಯಿಯಾಗಿ ನೀವು ದಿನಾ ಇದ್ದೇ ಇರುತ್ತೀರಿ. ಕಳ್ಳ, ರಾಜ, ಸಾಹುಕಾರ, ಹೀಗೆ ನಿಮ್ಮ ಬದುಕಿನಲ್ಲಿ ನಿಮಗೆ ಸಿಗದ ಪಾತ್ರ ಕೇಳಿ ತೆಗೆದುಕೊಳ್ಳಿ. ಓದುವಾಗ ಗಂಡು, ಹೆಣ್ಣು ಅನ್ನುವ ಭೇದ ಬೇಕಿಲ್ಲ. ಅಂಗಡಿಯಲ್ಲಿ ಕೂತು ಸಾಹುಕಾರರು ರೇಟು ಹೇಳುವ ಗತ್ತನ್ನು ಇಷ್ಟು ವರ್ಷದಿಂದ ಕೇಳಿದ್ದೀರಲ್ಲ, ಅದನ್ನೇ ಹಾಕಿ ಓದಿ ನೋಡಿ.